ನಿರ್ಮಿತ ಪರಿಸರದ ಸಂಶೋಧನೆ: ಪದವಿ ಯಾರಿಗೆ, ಪ್ರಯೋಜನ ಯಾರಿಗೆ?

2023ರ ಜನವರಿ 10ರ ಬೆಳಿಗ್ಗೆ ನಾಗವಾರದ ಸಮೀಪ ಹೊರವರ್ತುಲ ರಸ್ತೆಯಲ್ಲಿ ಮೆಟ್ರೊ ಕಂಬವೊಂದಕ್ಕಾಗಿ ಎಬ್ಬಿಸಿ ನಿಲ್ಲಿಸಿದ್ದ ಕಬ್ಬಿಣದ ಹಂದರ ಉರುಳಿಬಿತ್ತು. ದ್ವಿಚಕ್ರ ವಾಹನದಲ್ಲಿ ಸಾಗುತ್ತಿದ್ದ ತಾಯಿ ಮತ್ತು ಆಕೆಯ ಎರಡೂವರೆ ವರ್ಷದ ಮಗ ಪ್ರಾಣ ಕಳೆದುಕೊಂಡರು. ಮರುವರ್ಷ, 2024ರ ಅಕ್ಟೋಬರ್ 22ರಂದು, ಅಲ್ಲಿಂದ ಹೆಚ್ಚು ದೂರವಿಲ್ಲದ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಮಳೆಯ ನಡುವೆ ನೆಲಕಚ್ಚಿತು. ಅದರೊಳಗೆ ದುಡಿಯುತ್ತಿದ್ದ ಹಲವು ಕಾರ್ಮಿಕರು ಅವಶೇಷಗಳಡಿ ಸತ್ತರು. ಕಟ್ಟಡವನ್ನು ನಿಯಮ ಮೀರಿ ಕಟ್ಟಲಾಗಿತ್ತೆಂದು ಸರಕಾರವೇ ಹೇಳಿತು.

ಈ ಎರಡು ಸ್ಥಳಗಳ ಮಧ್ಯೆ ಇರುವುದು ಕಲ್ಯಾಣ ನಗರ. ಮೊದಲ ದುರಂತ ನಡೆದಾಗ ಮೆಟ್ರೊ ನಿಗಮ ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ಎಂಜಿನಿಯರಿಂಗ್ ತಜ್ಞರ ವರದಿ ಕೇಳಿತು. ಕೇಳಿದ್ದು ಸರಿಯೇ. ಇಪ್ಪತ್ತು ಅಡಿಗೂ ಮಿಕ್ಕಿದ ಕಬ್ಬಿಣದ ಹಂದರ ಯಾವ ಕ್ಷಣದಲ್ಲಿ ಸಮತೋಲ ಕಳೆದುಕೊಳ್ಳುತ್ತದೆ, ಅದಕ್ಕೆ ಎಷ್ಟು ಆಧಾರ ಬೇಕು ಎಂಬುದನ್ನು ಅಳೆದು ಹೇಳಬಲ್ಲವರು ಒಂದೇ ವಿಷಯಕ್ಕೆ ಐದಾರು ವರ್ಷ ತಮ್ಮನ್ನು ತೆತ್ತುಕೊಂಡವರು ಮಾತ್ರ. ಅಂಥವರನ್ನು ತಯಾರಿಸುವ ವ್ಯವಸ್ಥೆಗೆ ಪಿಎಚ್.ಡಿ. ಎಂದು ಹೆಸರು. ವಿಶ್ವವಿದ್ಯಾಲಯದ ನಾಲ್ಕು ಗೋಡೆಗಳೊಳಗಿನ ವ್ಯವಹಾರವೆಂದು ಸಾಮಾನ್ಯವಾಗಿ ನಾವು ಉಪೇಕ್ಷಿಸುವ ಈ ಪದವಿಗೂ, ಹೊರವರ್ತುಲ ರಸ್ತೆಯಲ್ಲಿ ಸ್ಕೂಟರ್ ಓಡಿಸುವವರ ತಲೆಯ ಮೇಲಿನ ಕಬ್ಬಿಣಕ್ಕೂ ನೇರ ಸಂಬಂಧವಿದೆ. ದುರಂತ ನಡೆದ ಮೇಲೆ ತಜ್ಞರನ್ನು ಕರೆಯುವ ನಗರ, ದುರಂತಕ್ಕೆ ಮುನ್ನ ಅಂಥ ತಜ್ಞರನ್ನು ಹೇಗೆ ಬೆಳೆಸುತ್ತಿದೆ, ಅವರಿಗೆ ಯಾವ ಪ್ರಶ್ನೆ ಕೊಡುತ್ತಿದೆ ಎಂಬುದು ಇಂದು ಕೇಳಬೇಕಾದ ಮಾತು.

'ನಿರ್ಮಿತ ಪರಿಸರ' ಎಂಬ ಶಬ್ದ ಕನ್ನಡದ ಕಿವಿಗೆ ಇನ್ನೂ ಹೊಸದು. ಮನುಷ್ಯ ತನ್ನ ವಾಸಕ್ಕೂ ಓಡಾಟಕ್ಕೂ ಕಟ್ಟಿಕೊಂಡ ಸಮಸ್ತವೂ ಅದರಲ್ಲಿ ಸೇರುತ್ತದೆ: ಮನೆ, ರಸ್ತೆ, ಮೋರಿ, ಸೇತುವೆ, ಉದ್ಯಾನ, ಬಸ್ ತಂಗುದಾಣ, ಕೊಳೆಗೇರಿ, ಗಾಜಿನ ಕಚೇರಿ. ಬ್ರಿಟನ್ ಮೊದಲಾದ ದೇಶಗಳಲ್ಲಿ ಈ ಹೆಸರಿನದೇ ನಿಕಾಯಗಳಿವೆ. ವಾಸ್ತುಶಿಲ್ಪಿ, ಯೋಜಕ, ಎಂಜಿನಿಯರ್, ಸಮಾಜಶಾಸ್ತ್ರಜ್ಞ ಒಂದೇ ಸೂರಿನಡಿ ಕೂಡುತ್ತಾರೆ. ನಮ್ಮಲ್ಲಿ ಈ ವಿಷಯ ಹಲವು ಮನೆಗಳಲ್ಲಿ ಹಂಚಿಹೋಗಿದೆ. ಗೋಡೆಯ ಬಲ ಸಿವಿಲ್ ಎಂಜಿನಿಯರಿಂಗಿಗೆ, ಗೋಡೆಯ ಅಂದ ವಾಸ್ತುಶಿಲ್ಪಕ್ಕೆ, ಗೋಡೆ ಎಲ್ಲಿ ನಿಲ್ಲಬೇಕೆಂಬುದು ನಗರ ಯೋಜನೆಗೆ, ಗೋಡೆಯ ಆಚೆ ಯಾರಿದ್ದಾರೆಂಬುದು ಸಮಾಜಶಾಸ್ತ್ರಕ್ಕೆ.

ಸಂಶೋಧನೆಗೆ ಹೊರಟವರ ಮೊದಲ ತೊಡಕೇ ಇದು. ಹೊರಮಾವಿನ ಸಾಯಿ ಬಡಾವಣೆಯನ್ನು ತೆಗೆದುಕೊಳ್ಳಿ. 2025ರ ಮೇ ತಿಂಗಳ ಮಳೆಗೂ ಆ ಬಡಾವಣೆ ಮುಳುಗಿತು, ಹಿಂದೆಯೂ ಮುಳುಗಿದೆ. ಯಾಕೆ ಮುಳುಗುತ್ತದೆ ಎಂಬುದು ಡಾಕ್ಟರೇಟಿಗೆ ಯೋಗ್ಯವಾದ ಪ್ರಶ್ನೆ. ಆದರೆ ನೀರು ಹರಿಯುವ ಲೆಕ್ಕ ಸಿವಿಲ್ ವಿಭಾಗದ್ದು. ತಗ್ಗಿನಲ್ಲಿ ಬಡಾವಣೆಗೆ ಅವಕಾಶವಾದದ್ದು ಹೇಗೆಂಬುದು ರಾಜ್ಯಶಾಸ್ತ್ರದ್ದು. ರಸ್ತೆಯ ಮಟ್ಟ ವರ್ಷ ವರ್ಷ ಏರಿ ಮನೆಯ ಹೊಸ್ತಿಲು ತಗ್ಗಾದದ್ದು ವಾಸ್ತುಶಿಲ್ಪದ್ದು. ನೋಂದಣಿ ಮಾತ್ರ ಒಂದೇ ವಿಭಾಗದಲ್ಲಿ. ಆದ್ದರಿಂದ ಅಭ್ಯರ್ಥಿ ಮೊದಲು ಮಾಡುವ ಕೆಲಸ ತನ್ನ ಪ್ರಶ್ನೆಯನ್ನು ವಿಭಾಗದ ಬಾಗಿಲಿಗೆ ತಕ್ಕಂತೆ ಕತ್ತರಿಸುವುದು. ಅನ್ಯ ವಿಭಾಗದಿಂದ ಸಹ ಮಾರ್ಗದರ್ಶಕರನ್ನು ಪಡೆಯಲು ಯುಜಿಸಿ ನಿಯಮ ಅವಕಾಶ ಕೊಡುತ್ತದೆ. ಕೊಟ್ಟ ಅವಕಾಶವನ್ನು ಬಳಸುವಷ್ಟು ವಿಭಾಗಗಳ ನಡುವೆ ಸ್ನೇಹವಿದೆಯೇ ಎಂಬುದು ಬೇರೆ ಮಾತು.

ಕಲ್ಯಾಣ ನಗರದಲ್ಲೋ ಬಾಣಸವಾಡಿಯಲ್ಲೋ ವಾಸವಿರುವ, ಎಂ.ಆರ್ಕ್. ಅಥವಾ ಎಂ.ಟೆಕ್. ಮುಗಿಸಿ ನಾಗವಾರ, ಕೆ.ಆರ್. ಪುರದ ಸುತ್ತಲಿನ ಕಾಲೇಜೊಂದರಲ್ಲಿ ಪಾಠ ಹೇಳುವ ಅಥವಾ ಕಟ್ಟಡ ವಿನ್ಯಾಸ ಮಾಡುವ ಯುವತಿಯೊಬ್ಬಳು ಪಿಎಚ್.ಡಿ. ಮಾಡಬೇಕೆಂದರೆ ಎಲ್ಲಿಗೆ ಹೋಗಬೇಕು? ಊರಿನಲ್ಲಿ ಸಂಸ್ಥೆಗಳಿಗೇನೂ ಬರವಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಇದೆ. 1917ರಲ್ಲಿ ಆರಂಭವಾಗಿ ಈಗ ಸ್ವತಂತ್ರ ವಿಶ್ವವಿದ್ಯಾಲಯವಾಗಿರುವ ಯುವಿಸಿಇ ಇದೆ. 1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳು ನಗರದ ಅನೇಕ ಕಾಲೇಜುಗಳಲ್ಲಿವೆ. ನಗರಾಡಳಿತದ ಕಡೆಗೆ ಒಲವಿದ್ದರೆ ಡಾ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ನಾಗರಬಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆ ಇದೆ. ಊರು ಬಿಡಲು ಸಿದ್ಧರಿದ್ದರೆ ಖರಗ್‌ಪುರ, ರೂರ್ಕಿಯ ಐಐಟಿಗಳು, ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆ, ಅಹಮದಾಬಾದಿನ ಸೆಪ್ಟ್ ಇವೆ.

ನಿಜವಾದ ಬರ ಮಾರ್ಗದರ್ಶಕರದು. 2022ರ ನವೆಂಬರಿನಲ್ಲಿ ಹೊರಬಿದ್ದ ಯುಜಿಸಿ ನಿಯಮಾವಳಿಯಂತೆ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ವಾಸ್ತುಶಿಲ್ಪ ಕ್ಷೇತ್ರದಲ್ಲಿ ಹಿರಿಯರು ಬಹುಕಾಲ ಕಟ್ಟಡ ಕಟ್ಟುವುದರಲ್ಲೇ ಹೆಸರು ಮಾಡಿದವರು. ಡಾಕ್ಟರೇಟ್ ಅವರ ವೃತ್ತಿಗೆ ಎಂದೂ ಬೇಕಾಗಿರಲಿಲ್ಲ. ಒಳ್ಳೆಯ ವಾಸ್ತುಶಿಲ್ಪಿ ಎನಿಸಿಕೊಂಡವರಿಗೆ ಮಾರ್ಗದರ್ಶಕರಾಗುವ ಅರ್ಹತೆ ಇಲ್ಲ. ಅರ್ಹತೆ ಇರುವವರ ಪಟ್ಟಿ ಗಿಡ್ಡ, ಅವರ ಬಳಿ ಕಾಯುವವರ ಸಾಲು ಉದ್ದ.

ಅದೇ ನಿಯಮಾವಳಿ ಕಾಲಮಿತಿಯನ್ನೂ ಕಟ್ಟುನಿಟ್ಟಾಗಿ ಹೇಳುತ್ತದೆ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಮರುನೋಂದಣಿಯಿಂದ ಇನ್ನೆರಡು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಮತ್ತೂ ಎರಡು ವರ್ಷದ ರಿಯಾಯಿತಿ, ಒಟ್ಟು ಹತ್ತು. ಮಹಿಳೆಯರಿಗೆ ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆ. ಅರೆಕಾಲಿಕ ಪಿಎಚ್.ಡಿ.ಗೂ ಅವಕಾಶವಿದೆ, ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ತಂದರೆ. ಕೆಲಸದಲ್ಲಿರುವ ಬಹುತೇಕರು ಆರಿಸಿಕೊಳ್ಳುವುದು ಈ ದಾರಿಯನ್ನೇ, ಯಾಕೆಂದರೆ ಪೂರ್ಣಾವಧಿಯ ಲೆಕ್ಕ ಕುಟುಂಬಕ್ಕೆ ಹೊಂದುವುದಿಲ್ಲ. ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 31,000ದಿಂದ 37,000 ರೂಪಾಯಿಗೆ, ಹಿರಿಯ ಫೆಲೋಶಿಪ್ 35,000ದಿಂದ 42,000ಕ್ಕೆ ಏರಿತು. ಕಲ್ಯಾಣ ನಗರದಲ್ಲಿ ಎರಡು ಕೋಣೆಯ ಮನೆಗೆ ಬಾಡಿಗೆ ಕೊಡುವವರು 37,000ದಲ್ಲಿ ಉಳಿಯುವುದೆಷ್ಟೆಂದು ಲೆಕ್ಕ ಹಾಕಿಕೊಳ್ಳಲಿ. ಆ ಫೆಲೋಶಿಪ್ಪಾದರೂ ಸ್ಪರ್ಧೆಯಲ್ಲಿ ಗೆದ್ದ ಕೆಲವರಿಗೆ ಮಾತ್ರ. ಉಳಿದವರು ಹಗಲು ಪಾಠ ಹೇಳಿ, ಸಂಜೆ ಉತ್ತರಪತ್ರಿಕೆ ತಿದ್ದಿ, ರಾತ್ರಿ ಮಹಾಪ್ರಬಂಧ ಬರೆಯುತ್ತಾರೆ. ನಡುವೆ ವಿದ್ಯುತ್ ಹೋಗದಿದ್ದರೆ ಪುಣ್ಯ.

ಇಷ್ಟು ಕಷ್ಟಪಟ್ಟು ಯಾಕೆ ಮಾಡುತ್ತಾರೆ? ಇಲ್ಲಿ ಮುಚ್ಚುಮರೆ ಬೇಡ. ಕಾಲೇಜಿನಲ್ಲಿ ಸಹ ಪ್ರಾಧ್ಯಾಪಕ ಹುದ್ದೆಗೆ ಏರಲು ಪಿಎಚ್.ಡಿ. ಬೇಕು. ಕಾಲೇಜಿಗೂ ಬೇಕು, ಕೇಂದ್ರ ಸರಕಾರ ಪ್ರಕಟಿಸುವ ರ್‍ಯಾಂಕಿಂಗ್ ಪಟ್ಟಿಯಲ್ಲಿ ಡಾಕ್ಟರೇಟ್ ಪಡೆದ ಬೋಧಕರ ಪ್ರಮಾಣಕ್ಕೆ ಅಂಕಗಳಿವೆ. ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಅದನ್ನು ಕಡ್ಡಾಯ ಮಾಡುವ ಯೋಚನೆ ಯುಜಿಸಿಗಿತ್ತು. ಜಾರಿಯ ದಿನಾಂಕವನ್ನು ಒಮ್ಮೆ ಮುಂದೂಡಿ, ಕಡೆಗೆ 2023ರ ಜುಲೈನಲ್ಲಿ ಕೈಬಿಟ್ಟಿತು. ಆದರೆ ಅಷ್ಟರಲ್ಲಿ ಬೋಧಕರಲ್ಲಿ ಹುಟ್ಟಿದ ಧಾವಂತ ಇಳಿದಿಲ್ಲ. ಬಡ್ತಿಯ ಆಸೆ ಪಾಪವಲ್ಲ. ಬಡ್ತಿಗಾಗಿ ಮಾಡಿದ ಪ್ರಬಂಧವೂ ಒಳ್ಳೆಯದಾಗಿರಬಹುದು. ತೊಂದರೆ ಇರುವುದು ಇನ್ನೊಂದೆಡೆ: ಕಾಲಮಿತಿ, ನೌಕರಿ, ಸಂಸಾರ ಮೂರನ್ನೂ ತೂಗಿಸಬೇಕಾದವರು ಬೇಗ ಮುಗಿಯುವ ಪ್ರಶ್ನೆಯನ್ನೇ ಹುಡುಕುತ್ತಾರೆ. ಬೇಗ ಮುಗಿಯುವುದೆಂದರೆ ಪ್ರಶ್ನಾವಳಿ. ಅಪಾರ್ಟ್‌ಮೆಂಟಿನ ಕೆಲವು ನೂರು ನಿವಾಸಿಗಳಿಗೆ ಒಂದರಿಂದ ಐದರವರೆಗೆ ಗುರುತು ಹಾಕುವ ಪಟ್ಟಿ ಹಂಚಿ, ಬಂದ ಉತ್ತರಗಳನ್ನು ಗಣಕಯಂತ್ರಕ್ಕೆ ತುಂಬಿ, 'ಹಸಿರು ಆವರಣವಿದ್ದರೆ ನಿವಾಸಿಗಳ ತೃಪ್ತಿ ಹೆಚ್ಚು' ಎಂದು ಸಿದ್ಧಪಡಿಸುವುದು. ಇಂಥ ಪ್ರಬಂಧದಲ್ಲಿ ತಪ್ಪು ಹುಡುಕುವುದು ಕಷ್ಟ. ಅದರಿಂದ ಯಾರಿಗಾದರೂ ಏನಾದರೂ ತಿಳಿಯಿತೇ ಎಂದು ಹುಡುಕುವುದು ಇನ್ನೂ ಕಷ್ಟ.

ಪ್ರಶ್ನಾವಳಿಗೆ ಶರಣಾಗುವುದಕ್ಕೆ ಸೋಮಾರಿತನ ಕಾರಣವೆಂದು ದೂರುವುದು ಸುಲಭ. ವಸ್ತುಸ್ಥಿತಿ ಬೇರೆ. ನಿರ್ಮಿತ ಪರಿಸರದ ಸಂಶೋಧನೆಗೆ ಪ್ರಯೋಗಾಲಯವೆಂದರೆ ನಗರವೇ, ಅದರ ಕಡತಗಳೇ. ಯಾವ ನಿವೇಶನಕ್ಕೆ ಎಷ್ಟು ಅಂತಸ್ತಿನ ನಕ್ಷೆ ಮಂಜೂರಾಯಿತು, ಕಟ್ಟಿದ್ದೆಷ್ಟು, ತಳಪಾಯಕ್ಕೆ ಮೊದಲು ಮಣ್ಣು ಪರೀಕ್ಷೆ ನಡೆಯಿತೇ, ಕುಸಿದ ಕಟ್ಟಡದ ತನಿಖಾ ವರದಿ ಏನು ಹೇಳಿತು: ಇವೆಲ್ಲ ಪಾಲಿಕೆ, ಪ್ರಾಧಿಕಾರ, ಪೊಲೀಸ್ ಠಾಣೆಗಳ ಕಪಾಟುಗಳಲ್ಲಿವೆ. ವೈದ್ಯಕೀಯ ಸಂಶೋಧಕನಿಗೆ ಆಸ್ಪತ್ರೆಯ ದಾಖಲೆಗಳು ದೊರೆಯಲು ಒಂದು ಕ್ರಮವಿದೆ. ನೈತಿಕ ಸಮಿತಿ ಒಪ್ಪಿದರೆ ಹೆಸರು ಅಳಿಸಿ ಕೊಡುತ್ತಾರೆ. ನಗರದ ಕಡತಗಳಿಗೆ ಅಂಥ ಕ್ರಮವಿಲ್ಲ. ಸಂಶೋಧಕಿಯೂ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಬೇಕು. 'ಮಾಹಿತಿ ಈ ಕಚೇರಿಯಲ್ಲಿ ಲಭ್ಯವಿಲ್ಲ' ಎಂಬ ಒಂದು ಸಾಲಿನ ಉತ್ತರ ಬಂದರೆ ಮೇಲ್ಮನವಿ ಸಲ್ಲಿಸಬೇಕು. ಆರು ವರ್ಷದ ಗಡಿಯಾರ ಈ ನಡುವೆ ನಿಲ್ಲುವುದಿಲ್ಲ.

ಕಡತಗಳು ಮುಚ್ಚಿರುವುದರ ಬೆಲೆ ಏನೆಂದು 2025ರಲ್ಲಿ ಬೆಂಗಳೂರಿನ ಮನೆ ಮನೆಗೂ ತಿಳಿಯಿತು. ಸ್ವಾಧೀನಾನುಭವ ಪತ್ರ, ಅಂದರೆ ಓಸಿ ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರು ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಉತ್ತರಪ್ರದೇಶದ ಪ್ರಕರಣವೊಂದರಲ್ಲಿ ಆದೇಶಿಸಿತು. ಪರಿಣಾಮವಾಗಿ ಇಲ್ಲಿ ಹೊಸದಾಗಿ ಮನೆ ಕಟ್ಟಿದವರು ತಾತ್ಕಾಲಿಕ ಸಂಪರ್ಕದಲ್ಲೇ ತಿಂಗಳುಗಟ್ಟಲೆ ದಿನ ದೂಡಿದರು. ಕೊನೆಗೆ ರಾಜ್ಯ ಸರಕಾರ 2025ರ ಅಕ್ಟೋಬರಿನಲ್ಲಿ 1,200 ಚದರ ಅಡಿವರೆಗಿನ ನಿವೇಶನಗಳಲ್ಲಿ ಕಟ್ಟಿದ ಸಣ್ಣ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು. 1,200 ಚದರ ಅಡಿ ಎಂದರೆ ಬೆಂಗಳೂರಿನ ಮಧ್ಯಮ ವರ್ಗದ ಕನಸಿನ ಅಳತೆ, ಮೂವತ್ತು ನಲವತ್ತರ ನಿವೇಶನ. ವಿನಾಯಿತಿ ಜನರಿಗೆ ನೆಮ್ಮದಿ ತಂದದ್ದು ನಿಜ. ಆದರೆ ಆ ಮನೆಗಳಲ್ಲಿ ಎಷ್ಟು ಭದ್ರ, ಎಷ್ಟು ಅಭದ್ರ? ಓಸಿ ಪಡೆಯದ್ದಕ್ಕೆ ಮಾಲೀಕನ ದುರಾಸೆ ಎಷ್ಟು ಕಾರಣ, ನಿಯಮದ ಅವಾಸ್ತವಿಕತೆ ಎಷ್ಟು ಕಾರಣ? ಬಾಬುಸಾಪಾಳ್ಯದ ಕಟ್ಟಡ ಅಪವಾದವೇ, ಮಾದರಿಯೇ? ಹತ್ತು ವರ್ಷದ ಹಿಂದೆ ಯಾರಾದರೂ ಒಂದು ವಾರ್ಡಿನ ಸಾವಿರ ಮನೆಗಳ ನಕ್ಷೆಯನ್ನೂ ನಿಂತಿರುವ ಮನೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ಅಳೆಯುವ ಮಹಾಪ್ರಬಂಧ ಬರೆದಿದ್ದರೆ, ವಿನಾಯಿತಿಯ ಗೆರೆ ಎಳೆಯುವಾಗ ಅದು ಸಚಿವ ಸಂಪುಟದ ಮೇಜಿನ ಮೇಲಿರಬಹುದಿತ್ತು. ನಗರ ಇಂದಿಗೂ ನಡೆಯುತ್ತಿರುವುದು 2007ರಲ್ಲಿ ಒಪ್ಪಿಗೆ ಪಡೆದ, 2015ಕ್ಕೆಂದು ಬರೆದ ಮಹಾಯೋಜನೆಯ ಮೇಲೆ. 2031ಕ್ಕೆಂದು ಸಿದ್ಧವಾದ ಕರಡು ಅಂತಿಮಗೊಳ್ಳದೆಯೇ ಹೋಯಿತು. ಯೋಜನೆಯೇ ಇಲ್ಲದ ಕಾಲದಲ್ಲಿ ಅಧ್ಯಯನವಾದರೂ ಇರಬೇಕಿತ್ತಲ್ಲವೇ?

ನಮ್ಮ ಸಂಶೋಧಕರಿಂದ ಏನೂ ಆಗಿಲ್ಲವೆಂದು ಇದರಿಂದ ಅರ್ಥ ಮಾಡಿಕೊಂಡರೆ ಅನ್ಯಾಯವಾದೀತು. ನಿರ್ಮಿತ ಪರಿಸರದ ಸಂಶೋಧನೆ ಹೇಗಿರಬೇಕೆಂಬುದಕ್ಕೆ ಜಗತ್ತೇ ಗಮನಿಸಿದ ಉದಾಹರಣೆ ಇದೇ ಊರಿನಲ್ಲಿದೆ, ಮತ್ತು ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಗ್ರಾಮಾಂತರಕ್ಕೆ ವಿಜ್ಞಾನವನ್ನು ಅನ್ವಯಿಸುವುದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಹಳ್ಳಿಯ ಬಡವನಿಗೆ ಸುಟ್ಟ ಇಟ್ಟಿಗೆ ದುಬಾರಿ, ಮಣ್ಣಿನ ಗೋಡೆ ಮಳೆಗೆ ಕರಗುತ್ತದೆ. ನಡುವೆ ದಾರಿಯಿಲ್ಲವೇ ಎಂಬುದು ಪ್ರಶ್ನೆ. ಸಿವಿಲ್ ವಿಭಾಗದ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಗೊಳಿಸುವ ಇಟ್ಟಿಗೆಯ ಮೇಲೆ ಕೆಲಸ ಮಾಡಿದರು. ಬಿ.ವಿ. ವೆಂಕಟರಾಮ ರೆಡ್ಡಿಯವರು 1991ರಲ್ಲಿ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದ ವಿಷಯವೇ ಇದು: ಮಣ್ಣನ್ನು ಒತ್ತಿದಾಗ ಏನಾಗುತ್ತದೆ, ಆ ಇಟ್ಟಿಗೆಯ ಗೋಡೆ ಎಷ್ಟು ತಾಳುತ್ತದೆ.

ಕೇಳಲು ಸಣ್ಣ ಪ್ರಶ್ನೆ. ಆದರೆ ಅದರ ಬೆನ್ನು ಹಿಡಿದು ಹೋದವರು ದೂರ ಹೋದರು. 2003ರಲ್ಲಿ ಈ ಇಬ್ಬರೂ ಸೇರಿ ಪ್ರಕಟಿಸಿದ ಲೇಖನವೊಂದು ಕಟ್ಟಡ ಸಾಮಗ್ರಿಗಳ ತಯಾರಿಕೆಗೂ ಸಾಗಣೆಗೂ ತಗಲುವ ಶಕ್ತಿಯನ್ನು ಲೆಕ್ಕ ಹಾಕಿತು. ಬದಲಿ ಸಾಮಗ್ರಿ ಬಳಸಿದರೆ ಭಾರ ಹೊರುವ ಗೋಡೆಯ ಕಟ್ಟಡಗಳಲ್ಲಿ ಹುದುಗಿರುವ ಶಕ್ತಿಯನ್ನು ಅರ್ಧದಷ್ಟು ಇಳಿಸಬಹುದೆಂದು ತೋರಿಸಿತು. ಹವಾಮಾನ ಬದಲಾವಣೆಯ ಚರ್ಚೆ ಕಾವೇರಿದಂತೆ ಆ ಲೇಖನವನ್ನು ದೇಶ ವಿದೇಶಗಳ ಸಂಶೋಧಕರು ಮತ್ತೆ ಮತ್ತೆ ಉಲ್ಲೇಖಿಸಿದರು. 2013ರಲ್ಲಿ ಪರಿಷ್ಕೃತಗೊಂಡ ಭಾರತೀಯ ಮಾನಕದಲ್ಲಿ ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆಗೆ ಸ್ಥಾನ ದೊರೆಯಿತು. ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಗಾರೆ ಹಚ್ಚದ ಮಣ್ಣಿನ ಬಣ್ಣದ ಗೋಡೆಯ ಮನೆಗಳು ಕಾಣಸಿಗುತ್ತವೆ. ಹಳ್ಳಿಯ ಬಡವನಿಗಾಗಿ ಹುಟ್ಟಿದ ಇಟ್ಟಿಗೆ ನಗರದ ಪರಿಸರಪ್ರೇಮಿ ಶ್ರೀಮಂತನ ಮನೆ ಸೇರಿದ್ದು ವಿಪರ್ಯಾಸವೆನ್ನಬಹುದು. ಅದಕ್ಕೆ ಸಂಶೋಧಕರು ಹೊಣೆಯಲ್ಲ.

ಅದು ಕೈಗೂಡಿದ್ದಕ್ಕೆ ಪ್ರತಿಭೆಯೊಂದೇ ಕಾರಣವಲ್ಲ. ಪ್ರಶ್ನೆ ಹೊರಗಿನಿಂದ, ಮನೆ ಬೇಕಾದವರಿಂದ ಬಂದಿತ್ತು. ಗುರು ಶಿಷ್ಯರು ಅದನ್ನು ಪ್ರಬಂಧ ಮುಗಿದ ಮೇಲೂ ಬಿಡಲಿಲ್ಲ. ಒಂದು ಸಂಸ್ಥೆ ದಶಕಗಳ ಕಾಲ ಬೆನ್ನಿಗೆ ನಿಂತಿತು. ಇಂಥದೇ ಇನ್ನೊಂದು ನಿದರ್ಶನ 2020ರಲ್ಲಿ ಬಂದ 'ಬೆಂಗಳೂರು ಮೇಘ ಸಂದೇಶ' ಎಂಬ ಮೊಬೈಲ್ ಆ್ಯಪ್. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿಅಂಶ ವಿಜ್ಞಾನ ಸಂಸ್ಥೆಯ ಜಲವಿಜ್ಞಾನಿಗಳ ಕೈಗೆ ಸಿಕ್ಕಿದ್ದರಿಂದ ಮಳೆ, ನೆರೆಯ ಮುನ್ಸೂಚನೆ ಜನರ ಜೇಬಿಗೆ ಬಂತು. ಕಪಾಟಿನ ಕೀಲಿ ತೆಗೆದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಎಲ್ಲ ಕಪಾಟುಗಳೂ ಏಕೆ ಹಾಗೆ ತೆರೆಯುವುದಿಲ್ಲ ಎಂದಷ್ಟೇ ಕೇಳಬೇಕು.

ಇನ್ನು ವಿದೇಶದ ದಾರಿ. ಇದರ ಹಿಂದೆ ಮರೆತುಹೋದ ಒಂದು ಕಥೆಯಿದೆ. ಹಿಟ್ಲರನ ಜರ್ಮನಿ ಬಿಟ್ಟು ಬಂದ ಯಹೂದಿ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಪ್ರಾಚೀನ ಈಜಿಪ್ಟಿನ ಬಾಗಿಲುಗಳನ್ನು ಹೇಗೆ ಮಾಡುತ್ತಿದ್ದರು ಎಂಬುದು ಅವರ ಡಾಕ್ಟರೇಟ್ ವಿಷಯ. ಬೆಂಗಳೂರಿನ ಬಿಸಿಲು ಮಳೆಗೆ ಅದು ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳನ್ನು ರೂಪಿಸುತ್ತ ಅವರು ಬಿಸಿನಾಡಿನಲ್ಲಿ ಕಟ್ಟುವ ಬಗೆಯನ್ನು ಇಲ್ಲಿಯೇ ಕಲಿತರು. ನಂತರ ಲಂಡನ್ನಿಗೆ ತೆರಳಿ ಉಷ್ಣವಲಯದ ವಾಸ್ತುಶಿಲ್ಪ ಎಂಬ ಬೋಧನಾ ವಿಭಾಗವನ್ನು ಬೆಳೆಸಿದರು. 1971ರಲ್ಲಿ ಅದು ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಅಭಿವೃದ್ಧಿ ಯೋಜನಾ ಘಟಕವಾಯಿತು. ಇಂದು ನಿರ್ಮಿತ ಪರಿಸರದ ಪಿಎಚ್.ಡಿ.ಗೆಂದು ನಮ್ಮ ವಿದ್ಯಾರ್ಥಿಗಳು ಅರ್ಜಿ ಹಾಕುವ ಪ್ರಸಿದ್ಧ ತಾಣಗಳಲ್ಲಿ ಅದೂ ಒಂದು. ಬೆಂಗಳೂರಿನಲ್ಲಿ ಕಲಿತದ್ದನ್ನು ಅಲ್ಲಿ ಕಲಿಸಿದರು. ಅದನ್ನು ಕಲಿಯಲು ಬೆಂಗಳೂರಿನವರು ಅಲ್ಲಿಗೆ ಹೋಗುತ್ತಾರೆ.

ಬೆಂಗಳೂರಿನ ಬಗ್ಗೆಯೇ ಹೊರಗೆ ಬರೆದ ಪ್ರಬಂಧಗಳೂ ಕಡಿಮೆಯಿಲ್ಲ. ನಗರದ ಹೊರವಲಯದ ನೀರಿನ ರಾಜಕಾರಣವನ್ನು ಕುರಿತು ಮಾಲಿನಿ ರಂಗನಾಥನ್ 2010ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಪಿಎಚ್.ಡಿ. ಪಡೆದರು. ಬೆಂಗಳೂರಿನ ಬೀದಿ ವ್ಯಾಪಾರಿಗಳನ್ನು ಕುರಿತ ಭುವನೇಶ್ವರಿ ರಾಮನ್ ಅವರ ಪ್ರಬಂಧ ಅದೇ ವರ್ಷ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಸಿದ್ಧವಾಯಿತು. ನಮ್ಮ ಮೋರಿ, ನಮ್ಮ ಸಂತೆಯ ಬಗ್ಗೆ ಗಂಭೀರ ಅಧ್ಯಯನಕ್ಕೆ ಅಲ್ಲಿ ಕಾಲವೂ ಹಣವೂ ಸಿಗುತ್ತವೆ ಎಂಬುದು ಆ ದೇಶಗಳಿಗೆ ಶೋಭೆ. ನಮಗೆ ಯೋಚನೆಯ ವಿಷಯ. ಹಣವಿಲ್ಲದವರಿಗೆ ಆ ದಾರಿಯೂ ಇಕ್ಕಟ್ಟಾಯಿತು. ಪರಿಶಿಷ್ಟ ಜಾತಿ ಮೊದಲಾದ ಸಮುದಾಯಗಳ ವಿದ್ಯಾರ್ಥಿಗಳು ಹೊರದೇಶದಲ್ಲಿ ಓದಲೆಂದು ಕೇಂದ್ರ ಸರಕಾರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮಗಳನ್ನು 2022ರಲ್ಲಿ ಬದಲಿಸಿ, ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ ಹಾಗೂ ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನಗಳನ್ನು ಹೊರಗಿಡಲಾಯಿತು. ಕೊಳೆಗೇರಿಯಲ್ಲಿ ಬೆಳೆದ ಹುಡುಗನೊಬ್ಬ ಆ ಕೊಳೆಗೇರಿಯ ಸಮಾಜವನ್ನೇ ಲಂಡನ್ನಿನಲ್ಲಿ ಕುಳಿತು ಅಧ್ಯಯನ ಮಾಡುತ್ತೇನೆಂದರೆ ಆ ನಿಯಮ ಅಡ್ಡ ಬರುತ್ತದೆ. ಇದಕ್ಕೆ ಕೊಟ್ಟ ಸಮರ್ಥನೆ, ಭಾರತದ ವಿಷಯಕ್ಕೆ ಭಾರತದಲ್ಲೇ ಸಂಪನ್ಮೂಲ ಸಾಕಷ್ಟಿದೆ ಎಂಬುದು. ಕಡತಗಳ ಪಾಡನ್ನು ಮೇಲೆ ನೋಡಿದ ಓದುಗರು ಈ ಸಮರ್ಥನೆಯನ್ನು ತಾವೇ ತೂಗಬಹುದು.

ಭಾಷೆಯ ಪ್ರಶ್ನೆಯನ್ನು ಎತ್ತಿದರೆ ಕೆಲವರು ಮುಗುಳ್ನಗಬಹುದು. ಎಂಜಿನಿಯರಿಂಗ್ ಪ್ರಬಂಧವನ್ನು ಕನ್ನಡದಲ್ಲಿ ಬರೆಯಿರೆಂದು ಇಲ್ಲಿ ಯಾರೂ ಒತ್ತಾಯಿಸುತ್ತಿಲ್ಲ. ಆದರೆ ಪೂರ್ವ ಬೆಂಗಳೂರಿನ ಕಟ್ಟಡ ಕೆಲಸದಲ್ಲಿ ಮೇಸ್ತ್ರಿ ಮಾತಾಡುವುದು ಕನ್ನಡ, ತಮಿಳು ಅಥವಾ ತೆಲುಗು. ಕಂಬಿ ಕಟ್ಟುವವರು, ಟೈಲ್ಸ್ ಹಾ‌ಕುವವರು ಹಿಂದಿ, ಉರ್ದು, ಬಂಗಾಳಿ. ಸೈಜುಗಲ್ಲು, ಮದ್ರಾಸ್ ತಾರಸಿ, ಗಾರೆ, ಜಗಲಿ ಇವು ಕೇವಲ ಪದಗಳಲ್ಲ. ಇಂತಿಷ್ಟು ಸುಣ್ಣ, ಇಂತಿಷ್ಟು ದಿನ ನೀರುಣಿಸುವಿಕೆ ಎಂಬ ಜ್ಞಾನ ಅವುಗಳೊಳಗಿದೆ. ಸಂಶೋಧಕಿ ಕ್ಷೇತ್ರದಲ್ಲಿ ಈ ಭಾಷೆಗಳಲ್ಲಿ ಕೇಳಿದ್ದು ಇಂಗ್ಲಿಷಿನ ಕೋಷ್ಟಕಕ್ಕೆ ಬೀಳುವ ಹೊತ್ತಿಗೆ ಇದರಲ್ಲಿ ಬಹಳಷ್ಟು ಸೋರಿಹೋಗುತ್ತದೆ. ಮುಗಿದ ಪ್ರಬಂಧ 'ಶೋಧಗಂಗಾ' ಎಂಬ ರಾಷ್ಟ್ರೀಯ ಜಾಲತಾಣದ ಭಂಡಾರ ಸೇರುತ್ತದೆ. ಯಾರು ಬೇಕಾದರೂ ಉಚಿತವಾಗಿ ಓದಬಹುದು. ವಾರ್ಡಿನ ಎಂಜಿನಿಯರ್ ಓದುತ್ತಾರೆಯೇ? ಬಡಾವಣೆಯ ನಿವಾಸಿಗಳ ಸಂಘ ಓದುತ್ತದೆಯೇ? ಪ್ರತಿ ಪ್ರಬಂಧಕ್ಕೂ ಹತ್ತು ಪುಟದ ಕನ್ನಡ ಸಾರಾಂಶವನ್ನು ವಿಶ್ವವಿದ್ಯಾಲಯ ಕಡ್ಡಾಯ ಮಾಡಿದರೆ ಖರ್ಚು ಅಷ್ಟೇನೂ ಆಗದು. ಮೌಖಿಕ ಪರೀಕ್ಷೆಗೆ ಬರುವ ಅತಿಥಿಗಳ ಊಟಕ್ಕಿಂತ ಕಡಿಮೆಯೇ ಆದೀತು.

ಹಾಗಾದರೆ ಕಲ್ಯಾಣ ನಗರದ ಆ ಯುವತಿಗೆ ಏನು ಹೇಳಬೇಕು? ಪದವಿಯ ಕಷ್ಟಸುಖ ಅವಳ ಲೆಕ್ಕಕ್ಕೆ ಬಿಟ್ಟದ್ದು. ವಿಷಯಕ್ಕಾಗಿ ಮಾತ್ರ ಅವಳು ದೂರ ಹೋಗಬೇಕಾಗಿಲ್ಲ. ವಿಜ್ಞಾನ ಸಂಸ್ಥೆಯ ಪರಿಸರ ತಜ್ಞರು ದಾಖಲಿಸಿದ ಕಣ್ಮರೆಯಾದ ಕೆರೆಗಳ ಪಟ್ಟಿಯಲ್ಲಿ ಹೆಣ್ಣೂರು ಕೆರೆ ಎಚ್.ಬಿ.ಆರ್. ಬಡಾವಣೆಯಾಗಿದೆ, ಬಾಣಸವಾಡಿ ಕೆರೆ ಸುಬ್ಬಯ್ಯನಪಾಳ್ಯದ ವಿಸ್ತರಣೆಯಾಗಿದೆ. ಕೆರೆಯ ಅಂಗಳದ ಮೇಲೆ ನಿಂತ ಮನೆಗಳ ತಳಪಾಯ ಇಷ್ಟು ವರ್ಷಗಳಲ್ಲಿ ಹೇಗೆ ನಡೆದುಕೊಂಡಿದೆ ಎಂಬುದು ಒಂದು ಪ್ರಬಂಧ. ವಾಸಕ್ಕೆಂದು ಬಿಡಿಎ ಹಂಚಿದ ಎಚ್.ಆರ್.ಬಿ.ಆರ್. ಬಡಾವಣೆಯ ನಿವೇಶನಗಳು ಉಪಾಹಾರ ಮಂದಿರ, ಮಳಿಗೆ, ಪಿ.ಜಿ.ಗಳಾಗಿ ಬದಲಾದ ಬಗೆ ಇನ್ನೊಂದು. ಒಂದು ಕುಟುಂಬಕ್ಕೆಂದು ಹಾಕಿದ ಒಳಚರಂಡಿ ಕೊಳವೆ ಅರವತ್ತು ಜನರ ಪಿ.ಜಿ.ಯನ್ನು ಹೊರುತ್ತಿರುವುದು ಅದರದೇ ಒಂದು ಅಧ್ಯಾಯ.

ಮತ್ತೊಂದಕ್ಕೆ ಕಾಲಾವಕಾಶ ಕಡಿಮೆ. ಕೆ.ಆರ್. ಪುರದಿಂದ ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಂಪುಟ 2021ರ ಏಪ್ರಿಲಿನಲ್ಲಿ ಒಪ್ಪಿಗೆ ನೀಡಿತು. ಸಿಲ್ಕ್ ಬೋರ್ಡ್–ಕೆ.ಆರ್. ಪುರ ಭಾಗವೂ ಸೇರಿ 58.19 ಕಿ.ಮೀ., ಅಂದಾಜು ವೆಚ್ಚ 14,788 ಕೋಟಿ ರೂಪಾಯಿ. ಈ ಮಾರ್ಗದಲ್ಲಿ ಕಲ್ಯಾಣ ನಗರಕ್ಕೂ ಒಂದು ನಿಲ್ದಾಣವಿದೆ. ನಿಲ್ದಾಣದ ಸುತ್ತಲ ಮೂವತ್ತು ನಲವತ್ತರ ಮನೆಗಳು ಏನಾಗುತ್ತವೆ, ಬಾಡಿಗೆದಾರರು ಎಲ್ಲಿಗೆ ಹೋಗುತ್ತಾರೆ, ಕಾಲುದಾರಿ ಯಾರ ಪಾಲಾಗುತ್ತದೆ ಎಂದು ತಿಳಿಯಬೇಕಾದರೆ ರೈಲು ಓಡುವ ಮೊದಲಿನ ಸ್ಥಿತಿಯನ್ನು ಬೀದಿ ಬೀದಿಯಾಗಿ ಅಳೆದಿಟ್ಟಿರಬೇಕು: ಇಷ್ಟು ಮನೆ, ಇಷ್ಟು ಅಂತಸ್ತು, ಇಷ್ಟು ಬಾಡಿಗೆ. ಈ ವರ್ಷ ನೋಂದಾಯಿಸಿಕೊಂಡ ವಿದ್ಯಾರ್ಥಿ ಮೊದಲು ಹನ್ನೆರಡು ಕ್ರೆಡಿಟ್‌ಗಳ ಕೋರ್ಸ್ ಮುಗಿಸಬೇಕು, ಆಮೇಲೆ ವಿಷಯದ ಸಾರಾಂಶಕ್ಕೆ ಸಲಹಾ ಸಮಿತಿಯ ಒಪ್ಪಿಗೆ ಪಡೆಯಬೇಕು, ಅದಾದ ನಂತರವೇ ಅಳತೆಪಟ್ಟಿ ಹಿಡಿದು ಬೀದಿಗಿಳಿಯಬಹುದು. ಅಷ್ಟು ಹೊತ್ತಿಗೆ ಹೊರವರ್ತುಲ ರಸ್ತೆಯ ಕಂಬಗಳ ಮೇಲೆ ಹಳಿ ಬಿದ್ದಿರುತ್ತದೆ, ನಿಲ್ದಾಣದ ಎದುರಿನ ಹಳೆಯ ಮನೆಗಳಲ್ಲಿ ಕೆಲವು ಕೆಡವಿಯೂ ಆಗಿರುತ್ತವೆ.